ಒಗ್ಗರಣೆಗೆ ಮುಂಚೆ ಕಾಳ್ಯಾನ ಪಾಲು

ಕಾಳ್ಯಾ ನಮ್ಮ ಓಣಿಯಲ್ಲೇ ಹುಟ್ಟಿದ ನಾಯಿ, ಈಗ 14 ಕಿಲೋ. ಅವನಿಗೆಂದು ಬೇರೆ ಅಡುಗೆ ಮಾಡುತ್ತಿರಲಿಲ್ಲ. ಕಲಬುರಗಿಯ ಎಷ್ಟೋ ಮನೆಗಳ ಹಾಗೆ, ಉಳಿದ ಜೋಳದ ರೊಟ್ಟಿ ಮುರಿದು, ಪಲ್ಯದ ಪಾತ್ರೆ ಒರೆಸಿ ಹಾಕುವುದು. ಎರಡು ವರ್ಷ ಹಾಗೇ ನಡೆಯಿತು.

ಒಮ್ಮೆ ಮನೆಯಲ್ಲಿ ಕಾರ್ಯವಿತ್ತು. ಉಳ್ಳಾಗಡ್ಡಿ (ಈರುಳ್ಳಿ) ಪಲ್ಯ ಬುಟ್ಟಿಗಟ್ಟಲೆ ಉಳಿಯಿತು. ನಮ್ಮತ್ತಿ ಅದನ್ನು ರೊಟ್ಟಿಗೆ ಕಲಸಿ ಮೂರು ದಿನ ಕಾಳ್ಯಾನಿಗೆ ಹಾಕಿದರು. ಅದಾದ ಮೇಲೆ ಅವ ಎದ್ದು ಬಾಲ ಆಡಿಸಲೇ ಇಲ್ಲ. ಉಚ್ಚೆ ಕಡಕ್ ಚಹಾದ ಬಣ್ಣ, ವಸಡು ಬಿಳಿಚಿಕೊಂಡಿತ್ತು. ದವಾಖಾನೆಗೆ ಒಯ್ದಾಗ ಡಾಕ್ಟರ್ ಕೇಳಿದ ಮೊದಲ ಮಾತೇ, "ಏನು ತಿನ್ನಿಸೀರಿ?" ರಕ್ತ ಪರೀಕ್ಷೆಯಲ್ಲಿ ಕೆಂಪು ಕಣಗಳು ಒಡೆದಿದ್ದು ಕಾಣಿಸಿತು. ಉಳ್ಳಾಗಡ್ಡಿಯ ಗಂಧಕದ ಅಂಶ ಮಾಡುವ ಕೆಲಸವೇ ಅದು. ನಾಯಿಯ ತೂಕದ ಕಿಲೋಗೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ಹೊಟ್ಟೆಗೆ ಹೋದರೆ ಸಾಕಂತೆ. ಕಾಳ್ಯಾನ ಲೆಕ್ಕಕ್ಕೆ ಅದು ಮೂರು ಗಡ್ಡಿ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ಬಳ್ಳೊಳ್ಳಿ ಇನ್ನೂ ಜೋರು. ತಿಂದ ದಿನವೇ ಏನೂ ಗೊತ್ತಾಗುವುದಿಲ್ಲ, ನಾಲ್ಕೈದು ದಿನಕ್ಕೆ ತೋರುವುದೂ ಉಂಟು. ಅದಕ್ಕೇ "ನಮ್ಮ ನಾಯಿ ತಿಂದ್ರೂ ಏನಾಗಿಲ್ಲ" ಅನ್ನುವ ಮಾತು ನಾನು ನಂಬುವುದಿಲ್ಲ.

ಸಲೈನ್, ಗುಳಿಗಿ, ದಿನಾ ಓಡಾಟ. ಬದುಕಿದ. ನಮ್ಮತ್ತಿ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. "ಹಳ್ಳ್ಯಾಗಿನ ನಾಯಿಗೋಳು ಇದೇ ತಿಂದು ಬದುಕ್ಯಾವಲ್ಲವಾ?" ಎಂದರು. "ಎಷ್ಟು ಸತ್ತಾವ, ಯಾತಕ್ಕ ಸತ್ತಾವ ಅಂತ ಯಾರ್ ನೋಡ್ಯಾರ್ರಿ ಅತ್ತಿ?" ಎಂದೆ. ಸುಮ್ಮನಾದರು, ಸಿಟ್ಟಿನಿಂದಲೇ.

ಆಗ ಹೊಳೆದಿದ್ದು ಇಷ್ಟು: ನಮ್ಮ ಅಡುಗೆಯಲ್ಲಿ ಕಾಯಿಪಲ್ಯ, ಕಾಳು ನಾಯಿಗೆ ಕೆಟ್ಟದ್ದಲ್ಲ, ಕೆಡುವುದು ಒಗ್ಗರಣೆಯಿಂದ. ತೊಗರಿಬ್ಯಾಳಿ ಕುದ್ದ ಮೇಲೆ, ಉಪ್ಪು, ಖಾರ, ಹುಣಸಿ ಬೀಳುವ ಮೊದಲೇ ಎರಡು ಚಮಚ ತೆಗೆದಿಡುತ್ತೇನೆ. ಕುಂಬಳಕಾಯಿ, ಗಜ್ಜರಿ, ಗೆಣಸು ಹೆಚ್ಚುವಾಗಲೂ ಅವನ ಹೋಳು ಬೇರೆ ಬಟ್ಟಲಿಗೆ, ಬೇಯಿಸಿಯೇ. ಪುಂಡಿಪಲ್ಯ, ಶೇಂಗಾ ಹಿಂಡಿ ಅವನ ಹತ್ತಿರವೂ ಸುಳಿಯುವುದಿಲ್ಲ, ಎರಡರಲ್ಲೂ ಬಳ್ಳೊಳ್ಳಿ ಇದ್ದೇ ಇರುತ್ತದೆ. ರೊಟ್ಟಿ ಕೊಡುತ್ತೇನೆ, ಬರೀ ರೊಟ್ಟಿ, ಮಜ್ಜಿಗೆಯಲ್ಲಿ ನೆನೆಸಿ. ಅವನ ಮುಖ್ಯ ಊಟ ತತ್ತಿ, ಬೇಯಿಸಿದ ಕೋಳಿ, ಅನ್ನ. ಬೇಯಿಸಿದ ಎಲುಬು ಚೂರಾಗಿ ಕರುಳಿಗೆ ಚುಚ್ಚುತ್ತದೆ, ಅದಕ್ಕೆ ಮಾಂಸ ಬಿಡಿಸಿಯೇ ಹಾಕುವುದು.

ಹಣ್ಣಿಗೂ ಲೆಕ್ಕ ಇದೆ. ಮೇಲುತಿಂಡಿ ದಿನದ ಕ್ಯಾಲರಿಯ ನೂರಕ್ಕೆ ಹತ್ತು ದಾಟಬಾರದು. ಇವನ ಗಾತ್ರದ ನಾಯಿಗೆ ದಿನಕ್ಕೆ ಸುಮಾರು 700ರಿಂದ 800 ಕ್ಯಾಲರಿ ಬೇಕು, ಅಂದರೆ ಒಂದು ದೊಡ್ಡ ಬಾಳೆಹಣ್ಣೇ ಹೆಚ್ಚಾಯಿತು. ಅರ್ಧ ಕೊಡುತ್ತೇನೆ, ಅದೂ ವಾರಕ್ಕೆ ಎರಡು ಸಲ. ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಬೀಜ, ಸಿಪ್ಪೆ ತೆಗೆದ ಕಲ್ಲಂಗಡಿ ತುಂಡೂ ಸೌತಿಕಾಯಿಯೂ ಅವನಿಗೆ ಹಬ್ಬ. ಸೌತಿಕಾಯಿ ಮಾತ್ರ ನಾನು ಮೊದಲು ತುದಿ ಕಚ್ಚಿ ನೋಡುತ್ತೇನೆ, ಕಹಿಯಾದರೆ ಬೇಡ. ಸೇಬಿನ ಬೀಜ, ಸೀತಾಫಲದ ಬೀಜ, ಮಾವಿನ ವಾಟೆ, ಮೆಕ್ಕೆಜೋಳದ ಬೆಂಡು ಅವನ ಬಾಯಿಗೆ ಬೀಳದಂತೆ ಮುಚ್ಚಳವಿದ್ದ ಡಬ್ಬಿಗೆ ಹಾಕುತ್ತೇನೆ. ವಾಟೆ, ಬೆಂಡು ಕರುಳಿಗೆ ಸಿಕ್ಕರೆ ಆಪರೇಷನ್ನೇ ಗತಿ.

ದ್ರಾಕ್ಷಿ ಒಂದೇ ಒಂದು ಕಾಳೂ ಇಲ್ಲ. ವಿಜಯಪುರದ ಒಣದ್ರಾಕ್ಷಿ ನಮ್ಮಲ್ಲಿ ಹುಗ್ಗಿಗೂ ಬೀಳುತ್ತದೆ, ಶಿರಾಕ್ಕೂ ಬೀಳುತ್ತದೆ. ನಾಯಿಯ ಮೂತ್ರಪಿಂಡ ಕೆಡಿಸುವುದು ಅದರಲ್ಲಿನ ಟಾರ್ಟಾರಿಕ್ ಆಮ್ಲ ಎಂಬ ಅನುಮಾನ 2021ರ ಸುಮಾರಿಗೆ ಬಲವಾಯಿತು. ಹುಣಸಿಯಲ್ಲೂ ಅದೇ ಆಮ್ಲ ಇದೆ. ಎಷ್ಟು ತಿಂದರೆ ಅಪಾಯ ಎಂದು ಹೇಳಲಾಗುವುದಿಲ್ಲ, ಒಂದು ನಾಯಿಗೆ ಏನೂ ಆಗದು, ಇನ್ನೊಂದು ಮಲಗಿಬಿಡುತ್ತದೆ. ತಿಂದದ್ದು ಕಂಡರೆ ಕಾಯದೆ ಡಾಕ್ಟರಿಗೆ ಫೋನ್ ಮಾಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಬೇಡ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ಚಾಕಲೇಟ್ ಬೇಡವೆಂದು ಈಗ ಓಣಿಯ ಹುಡುಗರಿಗೂ ಗೊತ್ತು. ಶುಗರ್‌ಫ್ರೀ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆ ಇಳಿಸಿ ಜೀವಕ್ಕೇ ಕುತ್ತು ತರುತ್ತದೆ ಎಂಬುದನ್ನು ನಾನು ಹೇಳಿಕೊಟ್ಟೆ.

ಕಷ್ಟ ಇರುವುದು ಎಳ್ಳಮಾವಾಸ್ಯೆಗೆ. ಹೊಲದಲ್ಲಿ ಅತ್ತಿ ಚರಗ ಚೆಲ್ಲುತ್ತ ಮುಂದೆ ಹೋದರೆ, ಕಾಳ್ಯಾ ಹಿಂದೆ ಹಿಂದೆ ನೆಕ್ಕುತ್ತ ಬರುತ್ತಿದ್ದ. ಬಜ್ಜಿಯಲ್ಲಿ ಬಳ್ಳೊಳ್ಳಿ, ಹುಣಸಿ, ಹುಗ್ಗಿಯಲ್ಲಿ ದ್ರಾಕ್ಷಿ. ಭೂಮಿತಾಯಿಗೆ ಕೊಟ್ಟದ್ದನ್ನು ತಡೆಯಲು ನಾನ್ಯಾರು? ಹೋದ ವರ್ಷ ಅವನನ್ನು ಬನ್ನಿಗಿಡಕ್ಕೆ ಕಟ್ಟಿದೆ. ಅವ ಊರಿಗೆ ಕೇಳುವಂತೆ ಅತ್ತ. ಅತ್ತಿ ಚರಗ ಮುಗಿಸಿ ಬಂದವರೇ ಸೆರಗಿನ ಗಂಟು ಬಿಚ್ಚಿ ಎರಡು ಬೇಯಿಸಿದ ಗೆಣಸು ತೆಗೆದರು. "ಬರೀ ಕುದ್ಸೀನಿ, ಉಪ್ಪೂ ಹಾಕಿಲ್ಲ. ಸಿಪ್ಪಿ ಸುಲೀಲ್ಯಾ?" ಎಂದು ನನ್ನ ಕಡೆ ನೋಡದೇ ಕೇಳಿದರು.