ಕಾರಿನ ಹಿಂದಿನ ಸೀಟು ನೋಡುವ ಸರಿಯಾದ ಕ್ರಮ

ದೊಡ್ಡ ಕಾರೋ ಚಿಕ್ಕ ಕಾರೋ ಎಂದು ಹೋಲಿಸುವಾಗ, ಮೊದಲು ಡ್ರೈವರ್ ಸೀಟನ್ನು ಮನೆಯಲ್ಲಿ ಎಲ್ಲರಿಗಿಂತ ಎತ್ತರದವರಿಗೆ ಹೊಂದಿಸಿ, ಆಮೇಲೆ ಅವರನ್ನೇ ಅದರ ಹಿಂದೆ ಕೂರಿಸಿ. ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಒಂದು ಮುಷ್ಟಿ ಅಡ್ಡಲಾಗಿ ಹಿಡಿದರೆ ಸಾಕು. ಮುಂದಿನ ಸೀಟು ಪೂರ್ತಿ ಮುಂದಕ್ಕೆ ಸರಿದಿದ್ದರೆ ಯಾವ ಕಾರಿನ ಹಿಂಬದಿಯೂ ವಿಶಾಲವಾಗಿಯೇ ಕಾಣುತ್ತದೆ, ಅದಕ್ಕೇ ಈ ಕ್ರಮ. ಹೊರಗಿನ ಉದ್ದ ನಂಬಬೇಡಿ: ವ್ಯಾಗನ್‌ಆರ್‌ಗಿಂತ ಕ್ರೆಟಾ ಅರ್ಧ ಮೀಟರಿಗೂ ಹೆಚ್ಚು ಉದ್ದ, ಆದರೆ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ವ್ಯತ್ಯಾಸ 175 ಮಿ.ಮೀ. ಅಷ್ಟೇ (2435, 2610). ಎತ್ತರದ ಚಿಕ್ಕ ಕಾರಿನಲ್ಲಿ ನೆಟ್ಟಗೆ ಕೂರುವುದರಿಂದ ಕಾಲಿಗೆ ಕಡಿಮೆ ಜಾಗ ಸಾಕಾಗುತ್ತದೆ. ಕಾಲಿನ ಜಾಗಕ್ಕಿಂತ ಮುಖ್ಯವಾದದ್ದು ತೊಡೆಯ ಆಸರೆ. ಸೀಟು ನೆಲಕ್ಕೆ ತೀರಾ ಹತ್ತಿರವಿದ್ದರೆ ಮೊಣಕಾಲು ಮೇಲೆದ್ದು ತೊಡೆ ಸೀಟಿನಿಂದ ಬಿಡುತ್ತದೆ, ಭಾರವೆಲ್ಲ ಬೆನ್ನಿನ ಬುಡಕ್ಕೆ ಬೀಳುತ್ತದೆ; ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಐದೇ ನಿಮಿಷ ಕೂತರೆ ಮೆತ್ತನೆಯ ಸೀಟೇ ಹಿತವೆನಿಸುವುದು, ಹಾಗಾಗಿ ಇಪ್ಪತ್ತು ನಿಮಿಷ ಕೂತು ನೋಡಿ, ದಯವಿಟ್ಟು ಅವಸರ ಮಾಡಬೇಡಿ. ಮುಂದಿನ ಸೀಟಿಗೆ ಎತ್ತರ ಬದಲಿಸುವ ಲಿವರ್ ಇದ್ದರೆ ಪೂರ್ತಿ ಇಳಿಸಿ, ಹಿಂದೆ ಕೂತವರ ಪಾದ ಅದರಡಿ ಹೋಗುತ್ತದಾ ಎಂದೂ ನೋಡಿ. ಹಿಂದೆ ಮೂವರು ಕೂರುವ ಮನೆಯವರಿಗೆ ಮಾತ್ರ ಈ ಮುಷ್ಟಿ ಲೆಕ್ಕ ಸಾಲದು. ಅಲ್ಲಿ ಭುಜದ ಅಗಲವೇ ನಿರ್ಣಾಯಕ, ಮೂವರನ್ನೂ ಕರೆದೊಯ್ದು ಬಾಗಿಲು ಹಾಕಿಯೇ ನೋಡಬೇಕು. ಸನ್‌ರೂಫ್ ಇರುವ ಮಾಡೆಲ್ ಕೊಳ್ಳುವುದಾದರೆ ಅದರಲ್ಲೇ ಕೂತು ನೋಡಿ, ತಲೆಯ ಮೇಲಿನ ಜಾಗ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.