ರೆಡ್ ಹೌಸ್ ನೋಡಬೇಕೆ? ಗೇಟಿನಿಂದ ವಾಪಸಾಗಬೇಡಿ

ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ಕ್ರಿಕೆಟ್ ನೋಡಲು ಟ್ರಿನಿಡಾಡ್‌ಗೆ ಹೋದವರು ಬಿಡುವಿನ ದಿನ ಪೋರ್ಟ್ ಆಫ್ ಸ್ಪೇನ್‌ನ ರೆಡ್ ಹೌಸ್ ಮುಂದೆ ಒಂದು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅದು ಆ ದೇಶದ ಸಂಸತ್ ಭವನ. ಒಳಗೆ ಕಾಲಿಡದಿದ್ದರೆ ನೋಡಿಯೂ ನೋಡದಂತೆ.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಕೆಳಮನೆ ಸಾಮಾನ್ಯವಾಗಿ ಶುಕ್ರವಾರ ಮಧ್ಯಾಹ್ನ 1.30ಕ್ಕೆ ಸೇರುತ್ತದೆ, ಮೇಲ್ಮನೆಯಾದ ಸೆನೆಟ್ ಮಂಗಳವಾರ. ಕಟ್ಟಡ ಸುತ್ತಬೇಕಾದರೆ ಈ ದಿನಗಳನ್ನು ಬಿಟ್ಟು, ಸಂಸತ್ತಿನ ಕಚೇರಿಗೆ ಮೊದಲೇ ಬರೆದು ಸಮಯ ಪಡೆಯಿರಿ. ಕಲಾಪ ನೋಡುವುದು, ಕಟ್ಟಡ ಸುತ್ತುವುದು, ಎರಡರಲ್ಲಿ ಒಂದೇ ಸಾಧ್ಯವೆಂದಾದರೆ ಕಟ್ಟಡವನ್ನೇ ಆರಿಸಿ. ಗ್ಯಾಲರಿಯಲ್ಲಿ ಕೂತವರಿಗೆ ಸಭಾಂಗಣ ಬಿಟ್ಟು ಬೇರೇನೂ ಕಾಣದು. ಊರಿಡೀ ಹಬ್ಬದಲ್ಲಿ ಮುಳುಗುವ ಕಾರ್ನಿವಲ್ ವಾರ ಬೇಡವೇ ಬೇಡ.

ಹೆಚ್ಚಿನವರು ಎಡವುವುದು ಉಡುಪಿನಲ್ಲಿ. ಸೆಕೆಯ ಊರೆಂದು ಚಡ್ಡಿ, ತೋಳಿಲ್ಲದ ಅಂಗಿ, ಹವಾಯಿ ಚಪ್ಪಲಿ ಹಾಕಿಕೊಂಡು ಬಂದರೆ ಒಳಗೆ ಬಿಡುವುದಿಲ್ಲ. ಪೂರ್ತಿ ಪ್ಯಾಂಟು, ತೋಳಿರುವ ಅಂಗಿ, ಷೂ ಇರಲಿ. ಸೀರೆಯಾದರೆ ತೋಳಿನ ರವಿಕೆ. ಮೇಲೊಂದು ಶಾಲು ಹೊದ್ದರಾಯಿತು ಎಂಬ ಉಪಾಯವನ್ನು ನೆಚ್ಚಬೇಡಿ. ಗೇಟಿನಲ್ಲಿ ವಾದ ಮಾಡಿ ಗೆಲ್ಲಲಾಗದು. ಸೈನಿಕರ ಸಮವಸ್ತ್ರದಂಥ ಹಸಿರು-ಕಂದು ಮಚ್ಚೆಯ ಬಟ್ಟೆಯಂತೂ ಈ ದೇಶದಲ್ಲಿ ಎಲ್ಲಿಯೂ ತೊಡುವಂತಿಲ್ಲ, ಅದು ಕಾನೂನಿಗೇ ವಿರುದ್ಧ. ಮಕ್ಕಳ ಟೋಪಿ, ಬೆನ್ನಚೀಲಗಳನ್ನೂ ಊರು ಬಿಡುವ ಮೊದಲೇ ನೋಡಿಕೊಳ್ಳಿ. ಜೊತೆಗೆ ಪಾಸ್‌ಪೋರ್ಟ್.

ಬಸ್ಸಿನ ಕಿಟಕಿಯಿಂದ ತೋರಿಸುವ ನಗರದರ್ಶನಕ್ಕೆ ದುಡ್ಡು ಸುರಿಯಬೇಡಿ. ಎದುರಿನ ವುಡ್‌ಫೋರ್ಡ್ ಸ್ಕ್ವೇರ್‌ನಿಂದ ನಡೆದೇ ಶುರುಮಾಡಿ. 1903ರ ಮಾರ್ಚ್ 23ರಂದು ನೀರಿನ ಹೊಸ ಕಾಯ್ದೆಯ ವಿರುದ್ಧ ಜನ ಸೇರಿದ್ದು ಇಲ್ಲೇ. ಗೋಲಿಬಾರಿನಲ್ಲಿ 16 ಮಂದಿ ಸತ್ತರು, ರೆಡ್ ಹೌಸ್‌ನ ಹಳೆಯ ಕಟ್ಟಡ ಸುಟ್ಟುಹೋಯಿತು. ಈಗಿನದು ತೆರೆದದ್ದು 1907ರಲ್ಲಿ. ಕೆಂಪು ಬಣ್ಣ ಮಾತ್ರ ಅದಕ್ಕೂ ಹಿಂದಿನದು: 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆಂದು ಆ ಹಳೆಯ ಕಟ್ಟಡಕ್ಕೆ ಬಳಿದದ್ದು.

ಒಳಗೆ ಹೋದವರು ಸಭಾಂಗಣಕ್ಕೆ ಧಾವಿಸುತ್ತಾರೆ. ತಡೆಯಿರಿ, ಗುಮ್ಮಟದಡಿಯ ಕಾರಂಜಿಯ ಬಳಿ ಐದು ನಿಮಿಷ ನಿಲ್ಲಿ. ಉತ್ತರ, ದಕ್ಷಿಣದ ಎರಡು ಕಟ್ಟಡಗಳನ್ನು ಬೆಸೆದಿರುವುದು ಈ ಜಾಗವೇ. ಆಮೇಲೆ ಸಭಾಂಗಣ: ಪರ್ಪಲ್‌ಹಾರ್ಟ್ ಎಂಬ ಗಟ್ಟಿಮರದ ಭಾರೀ ಕಂಬಗಳು, ತಿಳಿನೀಲಿ ಚಾವಣಿಯ ಮೇಲೆ ಬಿಳಿ ಗಾರೆಯ ಕುಸುರಿ. ಕತ್ತೆತ್ತಿ ನೋಡದೆ ಹೊರಡಬೇಡಿ.

1990ರ ಜುಲೈ 27ರಂದು ದಂಗೆಕೋರರು ನುಗ್ಗಿ ಪ್ರಧಾನಿ ರಾಬಿನ್ಸನ್ ಅವರನ್ನೂ ಸಂಸದರನ್ನೂ ಒತ್ತೆಯಾಗಿ ಹಿಡಿದದ್ದು ಇದೇ ಭವನದಲ್ಲಿ. 2013ರಲ್ಲಿ ದುರಸ್ತಿಗೆ ಅಗೆದಾಗ ನೆಲದಡಿ ಮೂಲನಿವಾಸಿಗಳ ಮೂಳೆಗಳು ಸಿಕ್ಕವು. ದುರಸ್ತಿಗೆಂದು ಬೇರೆಡೆ ಹೋಗಿದ್ದ ಸಂಸತ್ತು ಇಲ್ಲಿಗೆ ಮರಳಿದ್ದು 2020ರಲ್ಲಿ. ದಂಗೆ, ಮೂಳೆಗಳು, ಈ ಎರಡರ ಬಗ್ಗೆಯೂ ಮಾರ್ಗದರ್ಶಿಯನ್ನು ನೀವಾಗಿಯೇ ಕೇಳಿ.