ಕಾರಿಲ್ಲದೆ ಟ್ರಾನ್ಸಿಲ್ವೇನಿಯಾ: ಅಪ್ಪ ಅಮ್ಮನ ಜೊತೆ ನನ್ನ ಅನುಭವ

ಬಾಡಿಗೆ ಕಾರು ಇಲ್ಲದೆ ರೊಮೇನಿಯಾದ ಟ್ರಾನ್ಸಿಲ್ವೇನಿಯಾ ನೋಡಲು ಆಗದು, ಅದರಲ್ಲೂ ವಯಸ್ಸಾದವರ ಜೊತೆಗಂತೂ ಆಗುವುದೇ ಇಲ್ಲ ಎಂದು ಜರ್ಮನಿಯಲ್ಲಿರುವ ನನ್ನ ಗೆಳೆಯರೆಲ್ಲ ಹೇಳಿದ್ದರು. ಎಪ್ಪತ್ತು ದಾಟಿದ ಅಪ್ಪನನ್ನೂ ಈರುಳ್ಳಿ ಕೂಡ ಮುಟ್ಟದ ಅಮ್ಮನನ್ನೂ ರೈಲು, ಬಸ್ಸುಗಳಲ್ಲೇ ಸುತ್ತಾಡಿಸಿಕೊಂಡು ಬಂದೆ.

ಹಿಂದೆ ಬೇರೆ ದಾರಿಗಳನ್ನೂ ನೋಡಿದ್ದೆ. ಬುಕಾರೆಸ್ಟ್‌ನಿಂದ ಹೊರಡುವ ಒಂದು ದಿನದ ಪ್ರವಾಸಕ್ಕೆ ತಲೆಗೆ ಎಂಟು ಒಂಬತ್ತು ಸಾವಿರ ರೂಪಾಯಿ ಆಗಿತ್ತು. ಅಲ್ಲಿಂದ ಟ್ರಾನ್ಸಿಲ್ವೇನಿಯಾಕ್ಕೆ ಹೋಗುವ ಪ್ರಹೋವಾ ಕಣಿವೆಯ ರಸ್ತೆ ವಾರಾಂತ್ಯದಲ್ಲಿ ವಾಹನಗಳಿಂದ ಕಟ್ಟಿಕೊಂಡುಬಿಡುತ್ತದೆ. ಹನ್ನೆರಡು ಗಂಟೆಗೂ ಹೆಚ್ಚು ಬಸ್ಸಿನಲ್ಲಿ ಕುಳಿತದ್ದಕ್ಕೆ ಬ್ರಾನ್ ಕೋಟೆಯಲ್ಲಿ ಸಿಕ್ಕಿದ್ದು ಒಂದು ಗಂಟೆ. ಇನ್ನೊಮ್ಮೆ ಕಾರು ತೆಗೆದುಕೊಂಡಾಗ, ಮೊದಲೇ ಇದ್ದ ಗೀರಿಗೆ ನನ್ನ ಠೇವಣಿಯಿಂದ ಸುಮಾರು 300 ಯೂರೋ ಹಿಡಿದುಕೊಂಡರು. ಆ ಹಣ ಇವತ್ತಿಗೂ ಬಂದಿಲ್ಲ.

ಈ ಸಲ ಎರಡೇ ಊರುಗಳಲ್ಲಿ ತಂಗಿದೆವು, ಬ್ರಾಶೋವ್ ಮತ್ತು ಸಿಗಿಶೋರಾ. ಉಳಿದದ್ದೆಲ್ಲ ಅಲ್ಲಿಂದ ಬೆಳಿಗ್ಗೆ ಹೋಗಿ ಸಂಜೆ ಮರಳುವ ಲೆಕ್ಕ. 2024ರ ಮಾರ್ಚ್‌ನಿಂದ ವಿಮಾನದಲ್ಲಿ ಬರುವವರಿಗೆ, 2025ರ ಜನವರಿಯಿಂದ ಭೂಮಾರ್ಗದಲ್ಲಿ ಬರುವವರಿಗೂ ರೊಮೇನಿಯಾ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗೇ ಸೇರಿರುವುದರಿಂದ ಅಪ್ಪ ಅಮ್ಮನ ಜರ್ಮನ್ ವೀಸಾದಲ್ಲೇ ಕೆಲಸ ಆಯಿತು.

ಬ್ರಾನ್‌ಗೆ ಬ್ರಾಶೋವ್‌ನ ಬಾರ್ತೊಲೊಮೆಯು ಕಡೆಯ ಬಸ್ ನಿಲ್ದಾಣದಿಂದ ಹದಿನೈದು ಲೇಯಿ (ರೊಮೇನಿಯಾದ ಹಣ) ಒಳಗೇ ಟಿಕೆಟ್ ಸಿಕ್ಕಿತು. ಕೋಟೆಯ ಪ್ರವೇಶಕ್ಕೆ 70 ಲೇಯಿ ಆಸುಪಾಸು ಕೊಟ್ಟ ನೆನಪು. ಒಂದು ಲೇಯಿಗೆ ಇಪ್ಪತ್ತು ರೂಪಾಯಿ ಎಂದಿಟ್ಟುಕೊಳ್ಳಿ. ಡ್ರಾಕುಲಾ ಎಂಬ ರಕ್ತಪಿಶಾಚಿಯ ಕಥೆಗೆಂದು ಜನ ಅಲ್ಲಿ ಮುಗಿಬೀಳುತ್ತಾರೆ. ಆದರೆ 1377ರಲ್ಲಿ ಹಂಗೇರಿಯ ದೊರೆ ಲೂಯಿ ಬ್ರಾಶೋವ್‌ನ ಸಾಕ್ಸನ್ನರಿಗೆ (ಅಲ್ಲಿ ಬಂದು ನೆಲೆಸಿದ್ದ ಜರ್ಮನ್ ಭಾಷಿಕರು) ಅದನ್ನು ಕಟ್ಟಲು ಅನುಮತಿ ಕೊಟ್ಟದ್ದು ಕಣಿವೆದಾರಿಯನ್ನು ಕಾಯುವುದಕ್ಕೆ. ವ್ಯಾಪಾರದ ಸುಂಕ ವಸೂಲಿಯೂ ಅಲ್ಲೇ ನಡೆಯುತ್ತಿತ್ತು. ನನ್ನನ್ನು ಕೇಳಿದರೆ, ಸಮಯ ಕಡಿಮೆ ಇದ್ದವರು ಬ್ರಾನ್ ಬಿಟ್ಟು ಪ್ರೆಜ್ಮೆರ್‌ಗೆ ಹೋಗಬೇಕು.

ಪ್ರೆಜ್ಮೆರ್ ಬ್ರಾಶೋವ್‌ನಿಂದ ಹದಿನೆಂಟು ಕಿಲೋಮೀಟರ್ ಇರಬಹುದು. ಚರ್ಚಿನ ಸುತ್ತ ಹನ್ನೆರಡು ಮೀಟರಿಗೂ ಎತ್ತರದ ಗೋಡೆ. ಅದರ ಒಳಮೈಗೆ ಮಹಡಿ ಮಹಡಿಯಾಗಿ ಇನ್ನೂರೈವತ್ತಕ್ಕೂ ಹೆಚ್ಚು ಕೋಣೆಗಳು, ಊರಿನ ಕುಟುಂಬಗಳಿಗೆಂದೇ. ತಾತಾರರೋ ತುರ್ಕರೋ ನುಗ್ಗಿದರೆಂದರೆ ಇಡೀ ಹಳ್ಳಿ ದವಸಧಾನ್ಯದೊಂದಿಗೆ ಒಳಸೇರಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಜೀವನವೆಲ್ಲ ಬೇಸಾಯ ಮಾಡಿದ ಅಪ್ಪ ಆ ಕಣಜದ ಕೋಣೆಗಳನ್ನು ಬಿಟ್ಟು ಬರಲು ಒಪ್ಪಲೇ ಇಲ್ಲ. ಆ ಸಾಕ್ಸನ್ನರ ಬಹುಪಾಲು 1990ರ ಆಸುಪಾಸಿನಲ್ಲಿ ಜರ್ಮನಿಗೆ ಹೊರಟುಹೋದರು ಎಂದಾಗ, "ಇಷ್ಟೆಲ್ಲ ಕಟ್ಟಿ ಬಿಟ್ಟು ಹೋದರೇ?" ಎಂದು ಮತ್ತೆ ಮತ್ತೆ ಕೇಳಿದರು.

ಬ್ರಾಶೋವ್‌ನ ಮುಖ್ಯ ಚೌಕದಲ್ಲಿ ಅಮ್ಮನಿಗೆ ಕಿಂದರಿಜೋಗಿಯ ಕಥೆ ಹೇಳಿದೆ. ಹ್ಯಾಮೆಲಿನ್‌ನಿಂದ ಅವನ ಹಿಂದೆ ಹೋದ ಮಕ್ಕಳು ನೆಲದಡಿಯ ದಾರಿಯಿಂದ ಮೇಲೆ ಬಂದದ್ದು ಟ್ರಾನ್ಸಿಲ್ವೇನಿಯಾದಲ್ಲಂತೆ, ಸಾಕ್ಸನ್ನರು ಅವರ ವಂಶದವರಂತೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಪದ್ಯದ ಸಾಲುಗಳನ್ನು ಅಮ್ಮ ಅಲ್ಲೇ ನಿಂತು ಹೇಳಿದರು.

ಎಡವಟ್ಟಾದದ್ದು ರೈಲಿನಲ್ಲಿ. ಬ್ರಾಶೋವ್–ಸಿಗಿಶೋರಾ ಹಳಿಯ ನವೀಕರಣ ವರ್ಷಗಟ್ಟಲೆ ಎಳೆದಿದೆ. ಮೂರು ಗಂಟೆಯ ದಾರಿಗೆ ನಾಲ್ಕರ ಮೇಲಾಯಿತು. ಹಾಗಾಗಿ ಅದೇ ದಿನ ಮುಂದಿನ ಬಸ್ಸನ್ನು ನಂಬಿಕೊಳ್ಳಬೇಡಿ. ಸಿಗಿಶೋರಾದಲ್ಲಿ ಹಣ ಸ್ವಲ್ಪ ಹೆಚ್ಚಾದರೂ ಕೋಟೆಯ ಒಳಗೇ ಕೋಣೆ ಹಿಡಿಯಿರಿ. ಸಂಜೆ ಪ್ರವಾಸಿ ಬಸ್ಸುಗಳು ಹೋದ ಮೇಲೆ ಗಡಿಯಾರದ ಗೋಪುರವೂ ಕಸುಬುದಾರರ ಸಂಘಗಳ ಬುರುಜುಗಳೂ ನಿಮ್ಮ ಪಾಲಿಗೇ ಉಳಿಯುತ್ತವೆ. 1642ರ ಮರದ ಚಾವಣಿಯ ಮೆಟ್ಟಿಲುಗಳನ್ನು, ನೂರೆಪ್ಪತ್ತಕ್ಕೂ ಹೆಚ್ಚಿವೆ, ಅಪ್ಪ ನಿಂತು ನಿಂತು ಹತ್ತಿಯೇ ಬಿಟ್ಟರು.

ಕೋಟೆಯಂತಹ ಚರ್ಚಿರುವ ಬಿಯೆರ್ತಾನ್ ಹಳ್ಳಿಗೆ ಬಸ್ಸು ವಿರಳ, ಭಾನುವಾರವಂತೂ ನೆಚ್ಚುವ ಹಾಗಿಲ್ಲ. ಸಿಗಿಶೋರಾದಿಂದ ಟ್ಯಾಕ್ಸಿಗೆ ಹೋಗಿಬರಲು, ಕಾಯುವುದೂ ಸೇರಿ, 250 ಲೇಯಿ ಹತ್ತಿರ ಕೊಟ್ಟೆವು. ಮುನಿಸಿಕೊಂಡ ಗಂಡ ಹೆಂಡತಿಯನ್ನು ಒಂದೇ ಹಾಸಿಗೆ, ಒಂದೇ ತಟ್ಟೆ ಕೊಟ್ಟು ಕೂಡಿಹಾಕುತ್ತಿದ್ದ ಕೋಣೆ ಅಲ್ಲಿದೆ. ಚಿಕ್ಕ ಹಳ್ಳಿಗಳ ಚರ್ಚು ಬೀಗ ಹಾಕಿದ್ದರೆ ಹಿಂದಿರುಗಬೇಡಿ, ಕೀಲಿ ಸಾಮಾನ್ಯವಾಗಿ ಪಕ್ಕದ ಮನೆಯಲ್ಲೇ ಇರುತ್ತದೆ. ಬೀಗ ತೆಗೆದ ಮೇಲೆ ಗೋಪುರದ ಮೇಲಕ್ಕೂ ಬಿಡುವಂತೆ ನಾನು ಹೇಗೆ ಒಪ್ಪಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಊಟದ ಬಗ್ಗೆ ಒಂದು ಮಾತು. ಹೋಟೆಲಿನಲ್ಲಿ "ದೆ ಪೊಸ್ತ್" ಎಂದು ಕೇಳಿ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆ ಅದು, ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಈರುಳ್ಳಿ ಇರುತ್ತದೆ, ಅದಕ್ಕೆ ಅಮ್ಮನ ಪಾಲಿಗೆ ಬೇರೆ ಹೇಳಿಸಬೇಕಾಯಿತು. ಮಮಲಿಗಾ ಎಂಬ ಮೆಕ್ಕೆಜೋಳದ ಹಿಟ್ಟಿನ ಮುದ್ದೆಗೆ ನಾನು ಒಯ್ದಿದ್ದ ಸಾರಿನ ಪುಡಿ ಕದಡಿ ನೋಡಿದೆವು. ಅಪ್ಪ ಎರಡನೆಯ ಸಲ ಬಡಿಸಿಕೊಂಡರು.

ಕಾಲ್ನಡಿಗೆಯನ್ನೂ ಒಂದು ಮಧ್ಯಾಹ್ನ ಒಬ್ಬನೇ ಪ್ರಯತ್ನಿಸಿದೆ. 2022ರಲ್ಲಿ ಪೂರ್ಣಗೊಂಡ ವಿಯಾ ಟ್ರಾನ್ಸಿಲ್ವಾನಿಕಾ ಎಂಬ 1400 ಕಿಲೋಮೀಟರ್ ದಾರಿಯಲ್ಲಿ ಕಿಲೋಮೀಟರಿಗೊಂದು ಕೆತ್ತಿದ ಕಲ್ಲು ನೆಟ್ಟಿದ್ದಾರೆ. ಕರಡಿಗಿಂತ ಕುರಿ ಕಾಯುವ ನಾಯಿಗಳಿಗೇ ಹೆಚ್ಚು ಎಚ್ಚರವಾಗಿರಬೇಕು. ಓಡದೆ ನಿಂತು ಕುರುಬನನ್ನು ಕೂಗಿ ಕರೆಯಿರಿ.

ವಾರಕ್ಕೂ ಹೆಚ್ಚಿನ ದಿನಗಳಿಗೆ ಮೂವರಿಗೆ ಒಟ್ಟು, ವಿಮಾನ ಬಿಟ್ಟು, ಒಂದೂಕಾಲು ಲಕ್ಷದೊಳಗೆ ಮುಗಿಯಿತು. ಕಾರು ಬೇಕೇ ಬೇಕು ಎಂದಿದ್ದ ಗೆಳೆಯನಿಗೆ ಅದಕ್ಕಿಂತ ಕಡಿಮೆ ದಿನಗಳಿಗೆ ಒಂದೂಮುಕ್ಕಾಲು ಆಗಿತ್ತು, ಪ್ರೆಜ್ಮೆರ್ ಅವನು ನೋಡಿಯೇ ಇಲ್ಲ.